ಅನಾಮಿಕ ಹದಿನೇಳು

ಬೆಣ್ಣೆದೋಸೆ ಹೋಟೆಲಿನ ಮಾಲೀಕನ ಎದೆಯಲ್ಲಿ ಬೆಣ್ಣೆ ಇಲ್ಲ ಅಂದರೆ ದಾವಣಗೆರೆಯಲ್ಲಿ ಯಾರಾದರೂ ನಂಬುತ್ತಾರಾ? ಸರ್ವಮಂಗಳಾ ಅಂತೂ ನಂಬಲಿಲ್ಲ. ಆ ಮಾಲೀಕ ಅವಳ ಗಂಡ ಕೊಟ್ರಬಸಪ್ಪ. ಅವಳು ಅದೇ ಊರಿನ ಹೃದಯದ ಆಸ್ಪತ್ರೆಯಲ್ಲಿ ಮೂವತ್ತೆರಡು ವರ್ಷದಿಂದ ಆಹಾರತಜ್ಞೆ. ಏನು ತಿನ್ನಬೇಕು, ಏನು ಬಿಡಬೇಕು ಅಂತ ಊರಿಗೆ ಊರೇ ಅವಳ ಬಾಯಿ ನೋಡುತ್ತಿತ್ತು.

“ಇನ್ನೊಂದು ಸಲ ನೋಡಮ್ಮ ತಬಸ್ಸುಮ್. ಮಷಿನ್ನು ಎಲ್ಲೋ ಎಡವಿದೆ,” ಅಂದಳು.

“ಮೂರು ಸಲ ನೋಡಿದೆ ಮೇಡಂ. ಎಡವಿಲ್ಲ,” ಅಂದಳು ತಬಸ್ಸುಮ್. ಪ್ರಯೋಗಾಲಯಕ್ಕೆ ಅವಳೇ ಮುಖ್ಯಸ್ಥೆ. ವಯಸ್ಸು ಮೂವತ್ತನಾಲ್ಕು, ಮಾತು ಕಡಿಮೆ, ತಾಳ್ಮೆ ಜಾಸ್ತಿ.

ಪರದೆಯ ಮೇಲೆ ಕೊಟ್ರಬಸಪ್ಪನ ಹೃದಯದ ರಕ್ತನಾಳ ಅಡ್ಡ ಕೊಯ್ದ ಮರದ ದಿಮ್ಮಿಯ ಹಾಗೆ ಬಳೆ ಬಳೆಯಾಗಿ ಕಾಣುತ್ತಿತ್ತು. ಒಂದೊಂದು ಬಳೆಗೆ ಒಂದೊಂದು ಬಣ್ಣ, ಬಣ್ಣದ ಪಕ್ಕದಲ್ಲಿ ಹೆಸರು. ನೂರರಲ್ಲಿ ಬೆಣ್ಣೆಯದು ಸೊನ್ನೆ. ಹಾಲು ಮೊಸರಿನದು ಒಂಬತ್ತು ಪಾಲು. ಮಿರ್ಚಿ ಕರಿದ ಎಣ್ಣೆಯದು ಹನ್ನೊಂದು. ಬೇಕರಿ ಬಿಸ್ಕತ್ತಿನದು ಆರು. ಚಿಲ್ಲರೆಪಲ್ಲರೆ ಸೇರಿ ಹದಿಮೂರು. ಉಳಿದ ಅರವತ್ತೊಂದು ಪಾಲು ಬೂದಿ ಬಣ್ಣ. ಅದರ ಪಕ್ಕದಲ್ಲಿ ‘ಅನಾಮಿಕ ಹದಿನೇಳು’ ಅಂತ ಬರೆದಿತ್ತು.

ಪದರಗನ್ನಡಿ ಅನ್ನುವ ಈ ಯಂತ್ರದ ಬಗ್ಗೆ ಎರಡು ಮಾತು ಹೇಳಿಬಿಡಬೇಕು. ರಕ್ತನಾಳದಲ್ಲಿ ಕೊಬ್ಬು ಒಂದೇ ದಿನಕ್ಕೆ ಕೂಡುವುದಿಲ್ಲ, ವರ್ಷ ವರ್ಷ ಒಂದೊಂದು ತೆಳು ಪದರವಾಗಿ ಕೂಡುತ್ತದೆ. ಕೂದಲಿನಷ್ಟು ಸಣ್ಣ ನಳಿಗೆಯೊಂದು ಒಳಗೆ ಹೋಗಿ ಆ ಪದರಗಳಿಗೆ ಬೆಳಕು ಬಿಡುತ್ತದೆ. ತಿರುಗಿ ಬಂದ ಬೆಳಕು ನೋಡಿದರೆ ಯಾವ ಪದರ ಯಾವ ವರ್ಷದ್ದು, ಯಾವ ಎಣ್ಣೆಯಿಂದ ಬಂದದ್ದು ಅನ್ನುವುದು ಗೊತ್ತಾಗುತ್ತದೆ. ಆದರೆ ಹೋಲಿಸಿ ನೋಡಲು ಅಸಲಿ ಮಾದರಿ ಕೈಯಲ್ಲಿರಬೇಕು. ಅದಕ್ಕೇ ಪ್ರಯೋಗಾಲಯದ ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಹೆಬ್ಬೆರಳುದ್ದದ ಗಾಜಿನ ಸೀಸೆಗಳು. ಊರಿನ ಹೋಟೆಲು, ಬೇಕರಿ, ಮಿರ್ಚಿ ಗಾಡಿ, ಎಣ್ಣೆ ಗಾಣ ಎಲ್ಲದರ ಜಿಡ್ಡೂ ಚೀಟಿ ಅಂಟಿಸಿಕೊಂಡು ಅಲ್ಲಿ ಕೂತಿತ್ತು.

ಯಂತ್ರ ಬಂದು ಮೂರು ವರ್ಷ. ಅಷ್ಟರಲ್ಲೇ ಊರು ಹೇಗಾಗಿತ್ತು ಅಂದರೆ, ಗಂಡು ನೋಡಲು ಹೋದವರು ಜಾತಕದ ಜೊತೆಗೆ ಪದರದ ವರದಿಯನ್ನೂ ಕೇಳುತ್ತಿದ್ದರು. ಅತ್ತೆಯಂದಿರು ಸೊಸೆಯರಿಗೆ, “ನನ್ನ ಮಗನ ಎದೆಯಲ್ಲಿ ನಿಮ್ಮ ತವರಿನ ಎಣ್ಣೆ ಇದೆ, ಮಷಿನ್ನೇ ಹೇಳಿದೆ,” ಅಂತ ಚುಚ್ಚುತ್ತಿದ್ದರು. ಮಿರ್ಚಿ ಗಾಡಿಯವನೊಬ್ಬ ‘ನಮ್ಮ ಎಣ್ಣೆ ಇಂದಿನವರೆಗೆ ಯಾರ ಎದೆಯಲ್ಲೂ ಸಿಕ್ಕಿಲ್ಲ’ ಅಂತ ಬೋರ್ಡು ಹಾಕಿಕೊಂಡು, ಎರಡೇ ವಾರದಲ್ಲಿ ಸದ್ದಿಲ್ಲದೆ ತೆಗೆದಿದ್ದ.

ಯಂತ್ರ ತರಿಸಿದ್ದು ಈ ಜಗಳಕ್ಕಲ್ಲ ಅನ್ನಿ. ಕೊಬ್ಬಿನ ಗುರುತು ಸಿಕ್ಕರೆ ಅದನ್ನೇ ಹುಡುಕಿ ಕರಗಿಸುವ ಕಿಣ್ವವನ್ನು ಪಕ್ಕದ ಕೋಣೆಯಲ್ಲಿ ಆರು ತಾಸಿನಲ್ಲಿ ತಯಾರಿಸಬಹುದು. ಗುರುತು ತಪ್ಪಿದರೆ ಮಾತ್ರ ಪದರ ಕರಗುವ ಬದಲು ಚೂರಾಗಿ ಒಡೆದು ಮುಂದಿನ ಸಣ್ಣ ನಾಳಗಳನ್ನು ಮುಚ್ಚಿ ಹೃದಯವನ್ನೇ ನಿಲ್ಲಿಸುತ್ತದೆ. ಕೊಟ್ರಬಸಪ್ಪನ ಮೂರೂ ನಾಳ ಉದ್ದಕ್ಕೂ ಕಟ್ಟಿಕೊಂಡಿದ್ದವು. ಕೊಯ್ದು ಹೊಲಿಯಲು ಜಾಗವೇ ಇಲ್ಲ ಅಂತ ಸರ್ಜನ್ ಕೈಚೆಲ್ಲಿದ್ದರು. ಎದೆಗೆ ಜೋಡಿಸಿದ ಪಂಪು ಇನ್ನು ಎರಡು ದಿನ ದೂಡುತ್ತದೆ. ಅಷ್ಟರೊಳಗೆ ಅನಾಮಿಕ ಹದಿನೇಳು ಏನೆಂದು ಪತ್ತೆಯಾಗಬೇಕು, ಇಲ್ಲವಾದರೆ ಮನುಷ್ಯ ಉಳಿಯುವುದಿಲ್ಲ.

“ಇದು ಬರೀ ನಿಮ್ಮ ಯಜಮಾನರ ವಿಷಯ ಅಲ್ಲ ಮೇಡಂ,” ಅಂದಳು ತಬಸ್ಸುಮ್. “ಈ ಊರಲ್ಲೇ ಸಾವಿರದ ನೂರ ಅರವತ್ತಮೂರು ಜನರಲ್ಲಿ ಇದು ಸಿಕ್ಕಿದೆ. ಹರಿಹರ ದಾಟಿದರೆ ಒಬ್ಬರಲ್ಲೂ ಇಲ್ಲ. ನೀರು ನೋಡಿದ್ವಿ, ಹಾಲು ನೋಡಿದ್ವಿ, ಕಪಾಟಿನ ಎಲ್ಲ ಸೀಸೆ ನೋಡಿದ್ವಿ. ಯಾವುದಕ್ಕೂ ತಾಳೆ ಇಲ್ಲ. ನೀವು ಅವರ ಊಟದ ಪಟ್ಟಿ ಬರೆದುಕೊಟ್ಟಿದ್ದೀರಲ್ಲ, ಅದರಲ್ಲಿ ಏನಾದರೂ ಬಿಟ್ಟುಹೋಗಿದೆಯಾ?”

ಪಟ್ಟಿಯ ನಮೂನೆಯನ್ನು ಮಾಡಿದವಳೇ ಸರ್ವಮಂಗಳಾ. ಯಂತ್ರ ಬಂದ ವರ್ಷ ಎಲ್ಲ ರೋಗಿಗಳಿಗೂ ಕೇಳಲೆಂದು ನಲವತ್ತು ಪ್ರಶ್ನೆ ಬರೆದುಕೊಟ್ಟಿದ್ದಳು. ‘ಹಾನಿಕರ ಜಿಡ್ಡಿನ ವಿವರ’ ಅಂತ ಮೇಲೆ ದಪ್ಪ ಅಕ್ಷರದಲ್ಲಿತ್ತು. ಬೆಣ್ಣೆ, ತುಪ್ಪ, ವನಸ್ಪತಿ, ಬೋಂಡ, ಬೇಕರಿ, ಕೊಬ್ಬರಿ, ಯಾವುದನ್ನೂ ಬಿಟ್ಟಿರಲಿಲ್ಲ.

“ನಾನು ಬಿಟ್ಟಿಲ್ಲ. ಅವರು ಮುಚ್ಚಿಟ್ಟಿದ್ದಾರೆ. ಹೋಟೆಲಿನಲ್ಲಿ ಕೂತು ಕದ್ದು ಏನೋ ತಿಂದಿದ್ದಾರೆ,” ಅಂದಳು.

ಅವಳಿಗೆ ಸಿಟ್ಟಿತ್ತು. ನಿನ್ನೆ ಬೆಳಗ್ಗೆ ಗಂಡ ಎದೆ ಹಿಡಿದು ಕುಸಿದಾಗ, ಸ್ಟ್ರೆಚರಿನ ಪಕ್ಕ ಓಡುತ್ತಲೇ ಅವಳು ಬೈದಿದ್ದಳು. “ಊರಿಗೆಲ್ಲ ಬುದ್ಧಿ ಹೇಳಿದೆ, ನಿಮಗೆ ಹೇಳಿ ಸೋತೆ. ಎಷ್ಟು ತಿಂದ್ರಿ? ಎಷ್ಟು ವರ್ಷದಿಂದ ತಿಂದ್ರಿ?” ಅವನು ಬೆವರಿನಲ್ಲಿ ತೊಯ್ದು ಹೋಗಿದ್ದ. ಅವಳ ಮುಂಗೈ ಹಿಡಿದು, “ನಿನ್ನಾಣೆಗೂ ಮಂಗಳಾ, ನೀನು ಬ್ಯಾಡ ಅಂದಿದ್ದು ಒಂದೂ ಮುಟ್ಟಿಲ್ಲ,” ಅಂದಿದ್ದ. “ಸುಳ್ಳು ಹೇಳಬೇಡಿ,” ಅಂತ ಅವಳು ಕೈ ಬಿಡಿಸಿಕೊಂಡಿದ್ದಳು. ಆಮೇಲೆ ಅವನಿಗೆ ಎಚ್ಚರ ತಪ್ಪಿತ್ತು.

ಪ್ರಯೋಗಾಲಯದಿಂದ ಅವಳು ನೆಟ್ಟಗೆ ಹೋಟೆಲಿಗೆ ಬಂದಳು. ಮಾಲೀಕ ಆಸ್ಪತ್ರೆಯಲ್ಲಿದ್ದರೂ ಒಲೆ ಉರಿಯುತ್ತಿತ್ತು, ಏಕೆಂದರೆ ಒಂದು ದಿನ ಒಲೆ ಆರಿದರೆ ಅವನು ಎದ್ದು ಬಂದು ಬೈಯುತ್ತಾನೆ ಅಂತ ದೋಸೆ ಹಾಕುವ ಓಬಳೇಶಪ್ಪನ ನಂಬಿಕೆ. ಇಪ್ಪತ್ತೈದು ವರ್ಷದಿಂದ ಅದೇ ಹೆಂಚಿನ ಮುಂದೆ ನಿಂತವನು.

“ಓಬಳೇಶಪ್ಪ, ನಿಜ ಹೇಳು. ಸಾವ್ಕಾರ್ರು ಇಲ್ಲಿ ದಿನಾ ಏನು ತಿಂತಿದ್ರು?”

ಅವನು ಸೌಟು ಕೆಳಗಿಟ್ಟ. “ಏನ್ ತಿಂತಾರೆ ಅಕ್ಕಾರೆ? ಬೆಳಗಿನ ಮೊದಲ್ನೇ ದೋಸಿ ನನ್ ಕೈಗೆ ಕೊಟ್ಟು, ಉಪ್ಪು ಸರಿ ಐತಾ ನೋಡಪ್ಪ ಅಂತಾರೆ. ತಾವು ಮೂಸಿ ನೋಡ್ತಾರೆ ಅಷ್ಟೇಯ. ಬೆಣ್ಣಿ ಅಂಗಡ್ಯಾಗ ಕುಂತು ಬೆಣ್ಣಿ ಮುಟ್ಟದಿರಾ ಸನ್ಯಾಸಿ ಅಂತ ಗಿರಾಕಿಗಳು ನಗ್ತಾರೆ. ಇವರೂ ನಗ್ತಾರೆ.”

“ಮಿರ್ಚಿ?”

“ವಾರಕ್ಕೊಂದು. ಅದೂ ನೀವು ಬರಕೊಟ್ಟಿದ್ದ ಲೆಕ್ಕದಾಗೇ ಐತಂತೆ. ಹನ್ನೊಂದು ಗಂಟಿಗೆ ನೀವು ಕಟ್ಟಿದ ಡಬ್ಬಿ ಬಿಚ್ತಾರೆ. ಎರಡು ಚಪಾತಿ, ಅದಕ್ಕೆ ಹಚ್ಚಿದ ಹಳದಿದು, ಸೌತಿಕಾಯಿ. ಮೂಲಿ ಮೇಜಿನ್ಯಾಗ ಕುಂತು ತಿಂದು, ಕೈ ತೊಳದು, ಮತ್ತೆ ಗಲ್ಲಾಕ್ಕೆ ಹೋಗ್ತಾರೆ.”

ಈ ಮಾತು ಅವಳ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅವಳು ಹುಡುಕುತ್ತಿದ್ದದ್ದು ಕಳ್ಳತನವನ್ನು. ತಾನೇ ಕಟ್ಟಿಕೊಟ್ಟ ಡಬ್ಬಿಯಲ್ಲಿ ಕಳ್ಳತನ ಎಲ್ಲಿಂದ ಬರಬೇಕು? ಬೆಣ್ಣೆಯ ಮುದ್ದೆ, ಬಾಣಲೆಯ ಎಣ್ಣೆ, ಚಟ್ನಿ, ಪಲ್ಯ, ಹೆಂಚು ಒರೆಸುವ ಬಟ್ಟೆ ಎಲ್ಲವನ್ನೂ ಸೀಸೆಗಳಿಗೆ ತುಂಬಿಸಿಕೊಂಡಳು.

ಬಾಗಿಲ ಬಳಿಯ ಮೇಜಿನಿಂದ ತಿಪ್ಪೇಸ್ವಾಮಿ ಮೇಷ್ಟ್ರು ಎದ್ದು ನಿಂತರು. ಹೈಸ್ಕೂಲಿನಲ್ಲಿ ಡ್ರಿಲ್ ಕಲಿಸಿ ನಿವೃತ್ತರಾದವರು, ಎಪ್ಪತ್ತಾರಾದರೂ ಬೆನ್ನು ಬಾಗಿರಲಿಲ್ಲ. ದಿನವೂ ಬಂದು, ಸುತ್ತ ಜನ ಬೆಣ್ಣೆದೋಸೆ ಬಾರಿಸುತ್ತಿದ್ದರೆ ತಾವು ಸಕ್ಕರೆಯಿಲ್ಲದ ಚಹಾ ಕುಡಿದು ಹೋಗುತ್ತಿದ್ದರು.

“ಧೈರ್ಯವಾಗಿರಿ ಮೇಡಂ. ನಿಮ್ಮ ಮಾತು ಕೇಳಿದವರಿಗೆ ಏನೂ ಆಗಲ್ಲ. ನೀವು ಕೊಟ್ಟ ಚೀಟಿ ಇವತ್ತಿಗೂ ನಮ್ಮ ಅಡುಗೆಮನೆ ಗೋಡೆ ಮೇಲಿದೆ. ಲ್ಯಾಮಿನೇಷನ್ ಮಾಡಿಸಿದ್ದೀನಿ,” ಅಂದರು.

ಅವಳಿಗೆ ಆ ಹೊತ್ತಿನಲ್ಲಿ ಅದೇ ಒಂದು ಸಮಾಧಾನವಾಗಿ ಕಂಡಿತು.

ಸಂಜೆಯೊಳಗೆ ಹೋಟೆಲಿನ ಸೀಸೆಗಳೆಲ್ಲ ಯಂತ್ರಕ್ಕೆ ಹೋಗಿ ಬಂದವು. ಒಂದೂ ತಾಳೆಯಾಗಲಿಲ್ಲ. ಮರುದಿನ ಬೆಳಗ್ಗೆ ತಬಸ್ಸುಮ್ ಅವಳನ್ನು ಕೂರಿಸಿಕೊಂಡು ಬೇರೆ ದಾರಿ ಹಿಡಿದಳು.

“ಏನು ಅಂತ ಗೊತ್ತಾಗದಿದ್ದರೆ ಯಾವಾಗ ಅಂತ ನೋಡೋಣ ಮೇಡಂ. ಈ ಬೂದಿ ಪದರ ನಾಳದ ಬುಡದಲ್ಲಿದೆ. ಆಮೇಲೆ ಬಂದದ್ದೆಲ್ಲ ಇದರ ಮೇಲೇ ಕೂತಿದೆ. ಬುಡ ಕಿತ್ತರೆ ಉಳಿದದ್ದು ತಾನಾಗೇ ಬಿಡುತ್ತೆ. ಮುಗಿದಿರೋದು ಹದಿನೈದು ವರ್ಷದ ಹಿಂದೆ, ಗೆರೆ ಎಳೆದ ಹಾಗೆ ನಿಂತುಹೋಗಿದೆ. ಶುರುವಾಗಿರೋದು...” ಅಂತ ಬಳೆಗಳನ್ನು ಎಣಿಸಿದಳು. “ಮೂವತ್ತೆರಡು ವರ್ಷದ ಹಿಂದೆ. ಬೇಸಿಗೆಯ ಹೊತ್ತಿಗೆ. ಆ ವರ್ಷ ಅವರ ಊಟದಲ್ಲಿ ಏನಾದರೂ ಬದಲಾಯಿತಾ?”

ಸರ್ವಮಂಗಳಾ ತಾನೂ ಆ ಬಳೆಗಳನ್ನು ಬೆರಳಿಟ್ಟು ಎಣಿಸಿದಳು.

ಮೂವತ್ತೆರಡು ವರ್ಷದ ಹಿಂದೆ, ಬೇಸಿಗೆಯಲ್ಲಿ, ಅವಳ ಮದುವೆಯಾಗಿತ್ತು. ಅದೇ ವರ್ಷ ಕೆಲಸಕ್ಕೂ ಸೇರಿದ್ದಳು. ಗಂಡನ ಮನೆಗೆ ಕಾಲಿಟ್ಟ ಮೊದಲ ವಾರವೇ, ಬೆಣ್ಣೆ ಮಾರುವವರ ಮನೆಯಲ್ಲಿ ಬೆಣ್ಣೆಯ ಗಡಿಗೆಯನ್ನು ಹೊರಗೆ ಹಾಕಿದ್ದಳು. ಅದರ ಜಾಗಕ್ಕೆ ಬಂದದ್ದು ಹಳದಿ ಡಬ್ಬಿ. ಊರಾಚೆಯ ಕಾರ್ಖಾನೆಯೊಂದರಲ್ಲಿ ಹತ್ತಿಬೀಜದ ಎಣ್ಣೆಯಿಂದ ಮಾಡುತ್ತಿದ್ದ, ಚಪಾತಿಗೆ ಹಚ್ಚಿಕೊಳ್ಳುವ ಪದಾರ್ಥ. ಮುಚ್ಚಳದ ಮೇಲೆ ಕೆಂಪು ಹೃದಯದ ಚಿತ್ರ, ಕೆಳಗೆ ‘ಕೊಲೆಸ್ಟರಾಲ್ ಇಲ್ಲ, ಹೃದಯಕ್ಕೆ ಹಿತ’ ಅಂತ ಬರಹ. ಅದಕ್ಕೆ ಬೇರೇನೋ ಹೆಸರಿತ್ತು, ಊರಿನವರ ಬಾಯಲ್ಲಿ ಅದು ಹಳದಿ ಡಬ್ಬಿ ಅಷ್ಟೇ. ಹಾಗೆ ಊರಿನ ಬಾಯಿಗೆ ಅದನ್ನು ತಂದವಳೂ ಅವಳೇ. ಆಸ್ಪತ್ರೆಯಿಂದ ಮನೆಗೆ ಹೋಗುವ ಪ್ರತಿ ರೋಗಿಯ ಚೀಟಿಯ ಕೊನೆಯ ಸಾಲಿನಲ್ಲಿ, ಬೆಣ್ಣೆ ತುಪ್ಪದ ಬದಲು ಇದನ್ನು ಬಳಸಿ ಅಂತ ಅಚ್ಚು ಹಾಕಿಸಿದ್ದಳು. ತನ್ನ ನಲವತ್ತು ಪ್ರಶ್ನೆಯಲ್ಲಿ ಮಾತ್ರ ಅದನ್ನು ಕೇಳಿರಲಿಲ್ಲ. ಹಾನಿಕರ ಜಿಡ್ಡಿನ ಪಟ್ಟಿಯಲ್ಲಿ ಔಷಧಿಯನ್ನು ಯಾಕೆ ಕೇಳಬೇಕು? ರೋಗಿಗಳೂ ಹೇಳಿರಲಿಲ್ಲ. ಡಾಕ್ಟರ ಮುಂದೆ ಮನುಷ್ಯ ಒಪ್ಪಿಕೊಳ್ಳುವುದು ತಪ್ಪುಗಳನ್ನು, ಮಾಡಿದ ಪಥ್ಯವನ್ನಲ್ಲ.

“ಒಂದು ತಾಸಿನಲ್ಲಿ ಬರ್ತೀನಿ,” ಅಂದು ಎದ್ದಳು. ಎದ್ದದ್ದು ಗೊತ್ತು, ಮನೆಗೆ ಹೇಗೆ ಬಂದಳೋ ಗೊತ್ತಿಲ್ಲ. ಫ್ರಿಜ್ಜಿನಲ್ಲಿದ್ದ ಹಳದಿ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ ಅನ್ನುತ್ತಾರಲ್ಲ, ಹಾಗೆ ದಾರಿಯಲ್ಲಿ ಯಾರು ನೋಡಿದರೂ ಸೆರಗನ್ನು ಬಿಗಿಯಾಗಿ ಎಳೆದುಕೊಳ್ಳುತ್ತಿದ್ದಳು.

ಯಂತ್ರ ಇಪ್ಪತ್ತು ನಿಮಿಷ ತೆಗೆದುಕೊಂಡಿತು. ಅವಳ ಪಾಲಿಗೆ ಇಪ್ಪತ್ತು ವರ್ಷ.

“ಹೊಂದುತ್ತಿಲ್ಲ ಮೇಡಂ. ಇದು ತಾಳೆ ಎಣ್ಣೆ, ಸೂರ್ಯಕಾಂತಿ. ಅವರ ನಾಳದಲ್ಲಿ ಇದು ಮೇಲಿನ ಪದರದಲ್ಲಿ ಎರಡೇ ಪಾಲು ಇದೆ. ಅನಾಮಿಕ ಹದಿನೇಳು ಇದಲ್ಲ.”

ಹೇಳಲು ನಾಚಿಕೆಯಾಗುವ ಮಾತು, ಆದರೆ ಹೇಳಬೇಕು. ಗಂಡನ ಜೀವ ಉಳಿಸುವ ದಾರಿ ಮುಚ್ಚಿಹೋದ ಆ ಗಳಿಗೆಯಲ್ಲಿ ಸರ್ವಮಂಗಳಾಗೆ ಸಂತೋಷವಾಯಿತು. ತಾನಲ್ಲ, ತನ್ನ ಚೀಟಿಯಲ್ಲ. ಉಸಿರು ಹೊರಗೆ ಬಿಟ್ಟಳು. ಬಿಟ್ಟ ಮೇಲೆ, ಪಂಪಿಗೆ ಉಳಿದಿರುವುದು ಒಂದೇ ದಿನ ಅನ್ನುವುದು ನೆನಪಾಗಿ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮಧ್ಯಾಹ್ನ ಮನೆಗೆ ಬಂದಾಗ ಅತ್ತೆ ಹಾಲಮ್ಮ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದಳು. ಎಂಬತ್ತನಾಲ್ಕರ ಮುದುಕಿ. ಮಂಡಿ ಹೋಗಿದ್ದವು, ನಾಲಿಗೆ ಹೋಗಿರಲಿಲ್ಲ.

“ಏನಂತೆ ನನ್ನ ಮಗಂದು?”

“ಏನೂ ಗೊತ್ತಾಗ್ತಿಲ್ಲ ಅತ್ತೆ. ಮನೇಲಿರೋ ಹಳದಿ ಡಬ್ಬೀನೂ ಒಯ್ದು ತೋರಿಸಿದೆ. ಅದರದೇನೂ ತಪ್ಪಿಲ್ಲ ಅಂತು ಮಷಿನ್ನು.” ಆ ಕೊನೆಯ ಮಾತನ್ನು ಅವಳು ಒತ್ತಿ ಹೇಳಿದಳು. ಯಾರಿಗಾದರೂ ಹೇಳಬೇಕಾಗಿತ್ತು.

“ಯಾವ ಡಬ್ಬಿ? ಈಗಿನ್ದಾ?” ಅಂದಳು ಹಾಲಮ್ಮ. “ಈಗಿನ್ದು ಬ್ಯಾರೆ ಬಿಡು. ಮೊದ್ಲಿನ್ದು ಗಟ್ಟಿ ಇತ್ತು. ಬಿಸಿಲಿಗಿಟ್ರೂ ಕರಗ್ತಿರಲಿಲ್ಲ. ಆಮೇಲಾಮೇಲೆ ನೀರು ನೀರಾತು, ನಮ್ ಮಷಿನ್ನಿಗೆ ಆಗಿಬರಲಿಲ್ಲ.”

“ಯಾವ ಮಷಿನ್ನು ಅತ್ತೆ?”

“ಶಾವಿಗಿ ಒತ್ತಾ ಮಷಿನ್ನು ಕಣೆ. ನೀನು ಬಂದ ಹೊಸದ್ರಾಗ ನಂಗೂ ಒಂದ್ ಡಬ್ಬಿ ಕೊಟ್ಟಿದ್ಯಲ್ಲ, ಬೆಣ್ಣಿ ಬ್ಯಾಡ, ಇದನ್ನ ತಿನ್ರಿ ಅಂತ. ನಂಗೆ ಬಾಯಿಗೆ ಹಿಡೀಲಿಲ್ಲ, ಅಂಗುಳಕ್ಕೆಲ್ಲ ಮೇಣ ಮೆತ್ತಿದಂಗಾತು. ಹೊಸ ಸೊಸಿ ಮನಸ್ಸು ಯಾಕ ನೋಯಿಸಾದು ಅಂತ ಸುಮ್ನಾದೆ. ಮಷಿನ್ನಿನ ತಿರುಪಿಗೆ ಗ್ರೀಸ್ ಹಚ್ಚಿದ್ರೆ ಶಾವಿಗಿ ನಾರ್ತಾವೆ, ಎಣ್ಣಿ ಹಚ್ಚಿದ್ರೆ ಇಳಿದು ಹೋಗ್ತದೆ. ಇದು ಹಚ್ಚಿದ್ದು ಹಚ್ಚಿದಂಗೇ ಇರ್ತಿತ್ತು ನೋಡು. ವರ್ಷ ವರ್ಷ ಬ್ಯಾಸಿಗ್ಯಾಗ ಅದನ್ನೇ ಹಚ್ಚಿದೆ.”

ಸರ್ವಮಂಗಳಾಗೆ ಒಂದು ಹಳೆಯ ಸುತ್ತೋಲೆ ನೆನಪಾಯಿತು. ಹದಿನೈದು ವರ್ಷದ ಹಿಂದೆ, ಗಟ್ಟಿಗೊಳಿಸಿದ ಎಣ್ಣೆಗೆ ಸರಕಾರ ಮಿತಿ ಹಾಕಿತ್ತು. ದ್ರವ ಎಣ್ಣೆಗೆ ಹೈಡ್ರೋಜನ್ ಹಾಯಿಸಿ ಬೆಣ್ಣೆಯಂತೆ ಗಟ್ಟಿ ಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಬೆಣ್ಣೆಗಿಂತ ಕೆಟ್ಟದ್ದು ಅಂತ ಸುತ್ತೋಲೆ ಬಂದಿತ್ತು. ಅದನ್ನು ಅವಳು ಓದಿದ್ದಳು, ಸಹಿಯನ್ನೂ ಹಾಕಿದ್ದಳು. ವನಸ್ಪತಿಗೆ, ಬೇಕರಿಗೆ ಸಂಬಂಧಪಟ್ಟದ್ದು ಅಂತ ಕಡತಕ್ಕೆ ಸೇರಿಸಿದ್ದಳು. ಅದೇ ವರ್ಷ ಹಳದಿ ಡಬ್ಬಿಯ ಕಾರ್ಖಾನೆ ಸದ್ದಿಲ್ಲದೆ ಒಳಗಿನ ಸರಕು ಬದಲಿಸಿತ್ತು. ಮುಚ್ಚಳದ ಮೇಲಿನ ಕೆಂಪು ಹೃದಯ ಮಾತ್ರ ಹಾಗೇ ಇತ್ತು.

“ಆ ಮಷಿನ್ನು ಎಲ್ಲಿದೆ ಅತ್ತೆ?”

“ಅಟ್ಟದ ಮ್ಯಾಲೆ. ಮಂಡಿ ಹೋದ ಮ್ಯಾಲೆ ಯಾರ್ ಒತ್ತಿದ್ರು?”

ಏಣಿ ಹಾಕಿ ಹತ್ತಿದಳು. ಗೋಣಿಚೀಲದಲ್ಲಿ ಸುತ್ತಿಟ್ಟ ಹಿತ್ತಾಳೆಯ ಮಷಿನ್ನು, ಕೆಳಗಿಳಿಸುವಷ್ಟರಲ್ಲಿ ಕೈ ಸೋತಿತು. ಹಿಡಿಕೆ ತಿರುಗಿಸಿ ತಿರುಪನ್ನು ಹೊರಗೆಳೆದರೆ, ಸುತ್ತುಸುತ್ತಿನ ಸಂದಿಯಲ್ಲೂ ಅದು ಇತ್ತು. ಹಳದಿ ಹೋಗಿ ಕಂದು ತಿರುಗಿತ್ತು, ಹಳೇ ಬಣ್ಣದ ಡಬ್ಬದ ವಾಸನೆ ಹೊಡೆಯುತ್ತಿತ್ತು. ಉಗುರಿನಿಂದ ಕೆರೆದಳು. ಒಳಗಿನದು ಇನ್ನೂ ಮೆತ್ತಗೆ, ನುಣ್ಣಗೆ ಬೆರಳಿಗೆ ಅಂಟಿಕೊಂಡಿತು. ಇಷ್ಟು ವರ್ಷ ಕಬ್ಬಿಣದಂಥ ತಿರುಪಿನಿಂದಲೇ ಬಿಟ್ಟು ಹೋಗದ್ದು ಮನುಷ್ಯನ ನಾಳದಿಂದ ಹೇಗೆ ಬಿಟ್ಟೀತು ಅಂದುಕೊಳ್ಳುತ್ತಲೇ ಕೆರೆದದ್ದನ್ನು ಸೀಸೆಗೆ ತುಂಬಿದಳು.

“ಯಾಕೆ ಮಂಗಳಾ, ಮುಖ ಹಂಗ್ಯಾಕೆ?” ಅಂದಳು ಹಾಲಮ್ಮ.

“ನೀವು ತಿನ್ನಲಿಲ್ಲ ಅಂತ ಒಂದು ಮಾತು ಹೇಳಬಾರದಿತ್ತಾ ಅತ್ತೆ?”

“ನೀನು ಓದಿದಾಕಿ. ನಾನೇನಂತ ಹೇಳ್ಲಿ?”

ಆಸ್ಪತ್ರೆಯಲ್ಲಿ ಸೀಸೆಯ ಮೇಲೆ ಚೀಟಿ ಅಂಟಿಸಬೇಕಿತ್ತು. ಎಲ್ಲಿಂದ ತಂದದ್ದು, ಯಾರು ಬಡಿಸಿದ್ದು, ಎಷ್ಟು ವರ್ಷ, ಎಂದು ಮೂರು ಸಾಲು. ಈ ನಿಯಮವೂ ಅವಳದೇ. ಹೋಟೆಲಿನ ಮೂಲೆಯಲ್ಲಿ ಸಿಕ್ಕಿತು ಅಂತ ಬರೆದರೂ ಕಿಣ್ವ ತಯಾರಾಗುತ್ತದೆ, ಗಂಡ ಉಳಿಯುತ್ತಾನೆ, ಯಾರಿಗೂ ಏನೂ ತಿಳಿಯುವುದಿಲ್ಲ ಅನ್ನುವ ಯೋಚನೆ ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬಂತು. ಪೆನ್ನು ಹಿಡಿದು ಸ್ವಲ್ಪ ಹೊತ್ತು ನಿಂತಳು. ಸ್ಟ್ರೆಚರಿನ ಮೇಲಿಂದ ತನ್ನ ಮುಂಗೈ ಹಿಡಿದ ಆ ಬೆವರಿದ ಕೈ ನೆನಪಾಯಿತು. ‘ಮನೆಯಿಂದ, ಹಳೆಯ ಹಳದಿ ಡಬ್ಬಿ’ ಅಂತ ಬರೆದಳು. ಕೆಳಗೆ, ‘ಬಡಿಸಿದವರು: ಹೆಂಡತಿ ಸರ್ವಮಂಗಳಾ, ಹದಿನೇಳು ವರ್ಷ.’

ತಬಸ್ಸುಮ್ ಚೀಟಿ ಓದಿದಳು. ಸೀಸೆಯನ್ನು ಯಂತ್ರಕ್ಕಿಟ್ಟಳು.

ಈ ಸಲ ಯಂತ್ರಕ್ಕೆ ಇಪ್ಪತ್ತು ನಿಮಿಷ ಬೇಕಾಗಲಿಲ್ಲ. ಎಂಟನೆಯ ನಿಮಿಷಕ್ಕೆ ಕೊಟ್ರಬಸಪ್ಪನ ನಾಳದ ಬೂದಿ ಬಳೆಗಳು ಬುಡದಿಂದ ಒಂದೊಂದಾಗಿ ಹಳದಿಯಾದವು. ಅರವತ್ತೊಂದು ಪಾಲಿಗೆ ಅರವತ್ತೊಂದೂ ತಾಳೆ. ತಬಸ್ಸುಮ್ ಕೂಡಲೇ ಪಕ್ಕದ ಕೋಣೆಗೆ ಫೋನು ಮಾಡಿ ಕಿಣ್ವಕ್ಕೆ ಹೇಳಿದಳು. ಆರು ತಾಸು ಅಂದರು, ಪಂಪಿಗೆ ಇನ್ನೂ ಹದಿನೆಂಟು ತಾಸು ಇತ್ತು.

ಸರ್ವಮಂಗಳಾ ಕುರ್ಚಿಯಲ್ಲಿ ಕೂತಳು. ಮುಗಿಯಿತು ಅಂದುಕೊಂಡಳು. ಮುಗಿದಿರಲಿಲ್ಲ.

ಹೊಸ ಮಾದರಿ ಸೇರಿದರೆ ಯಂತ್ರ ಹಳೆಯ ವರದಿಗಳನ್ನೆಲ್ಲ ತಾನಾಗಿಯೇ ಮತ್ತೆ ಓದುತ್ತದೆ. ಎದುರಿನ ಗೋಡೆಯ ದೊಡ್ಡ ಪರದೆಯಲ್ಲಿ ಹೆಸರುಗಳು ಹರಿಯಲು ಶುರುವಾದವು. ಕಾಳಿಂಗಪ್ಪ, ಅನಾಮಿಕ ಹದಿನೇಳು ಅಳಿಸಿತು, ಹಳದಿ ಡಬ್ಬಿ ಬಂತು. ಮೆಹಬೂಬಿ, ಹಳದಿ ಡಬ್ಬಿ. ಗುರುಶಾಂತಪ್ಪ, ಹಳದಿ ಡಬ್ಬಿ. ಅವಳಿಗೆ ಹೆಸರು ಹೆಸರೂ ಗೊತ್ತಿತ್ತು. ತನ್ನ ಮುಂದೆ ಕೂತು, ತಲೆಯಾಡಿಸಿ, ಚೀಟಿ ಮಡಚಿ ಜೇಬಿನಲ್ಲಿಟ್ಟುಕೊಂಡು ಹೋದವರು. ಮಾತು ಕೇಳದೆ ಬೆಣ್ಣೆ ತಿಂದ ಹಟಮಾರಿಗಳೂ ಅಲ್ಲಲ್ಲಿ ಇದ್ದರು, ಅವರವರ ಬೆಣ್ಣೆ ಅವರವರ ಎದೆಯಲ್ಲಿ ಕೂತು ತೊಂದರೆ ಕೊಟ್ಟಿತ್ತು. ಆದರೆ ಅವರ ಹೆಸರಿನ ಮುಂದೆ ಹಳದಿ ಇರಲಿಲ್ಲ. ಹಳದಿ ಇದ್ದದ್ದು ಪಥ್ಯ ಮಾಡಿದವರ ಮುಂದೆ ಮಾತ್ರ. ಕೆಲವರ ಹೆಸರಿನ ಪಕ್ಕ ತೀರಿಕೊಂಡ ದಿನಾಂಕವೂ ಇತ್ತು.

“ನಿಲ್ಲಿಸಮ್ಮ ಅದನ್ನ,” ಅಂದಳು.

“ಅದು ನಿಲ್ಲಲ್ಲ ಮೇಡಂ. ಎಲ್ಲ ಓದಿ ಮುಗಿಸಲೇಬೇಕು,” ಅಂದಳು ತಬಸ್ಸುಮ್ ಮೆಲ್ಲಗೆ. ತನ್ನ ಕುರ್ಚಿಯನ್ನು ಎಳೆದು ತಂದು ಅವಳ ಪಕ್ಕದಲ್ಲೇ ಕೂತಳು. ಹಳದಿಯಾದ ಸಾವಿರದ ನೂರ ಅರವತ್ತಮೂರು ಹೆಸರನ್ನೂ ಇಬ್ಬರೂ ಕೊನೆಯವರೆಗೆ ಓದಿದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಅಂತ ರೋಗಿಗಳ ಮುಂದೆ ಹೋಟೆಲಿನವರನ್ನು ಬೈಯುತ್ತಿದ್ದವಳು ಅವಳು. ಆ ಗಾದೆ ಈಗ ತನ್ನ ಕಡೆಗೇ ತಿರುಗಿ ನಿಂತಿತ್ತು.

ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಕೊಟ್ರಬಸಪ್ಪ ಕಣ್ಣು ಬಿಟ್ಟ. ಕಿಣ್ವ ಕೆಲಸ ಮಾಡಿತ್ತು, ಪಂಪು ತೆಗೆದಿದ್ದರು. ಹೆಂಡತಿಯನ್ನು ನೋಡಿ, ಒಣಗಿದ ತುಟಿಯಲ್ಲೇ ಸಣ್ಣಗೆ ನಕ್ಕ.

“ಸಿಕ್ತೇನು, ನಾನು ಕದ್ದು ತಿಂದಿದ್ದು?”

ಅವಳಿಗೆ ಅಳು ತಡೆಯಲಾಗಲಿಲ್ಲ. “ನೀವು ಏನೂ ಕದ್ದಿಲ್ಲರೀ. ನಾನೇ ಹಚ್ಚಿ ಕೊಟ್ಟಿದ್ದು. ಹಳದಿ ಡಬ್ಬಿ.”

ಅವನು ಬೈಯಲಿ ಅಂತ ಅವಳು ಕಾದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ನಂಗೂ ಅದು ರುಚಿ ಅನಿಸ್ತಿರಲಿಲ್ಲ ಮಂಗಳಾ. ನೀನು ಹೇಳಿದ್ದಿ ಅಂತ ತಿಂದೆ,” ಅಂದ. ಆಮೇಲೆ, “ಊರಾಗ ಇನ್ನೂ ಎಷ್ಟು ಮಂದಿ ತಿಂದಾರ?”

ಅವಳು ಸಂಖ್ಯೆ ಹೇಳಿದಳು. ಅವನು ಕಣ್ಣು ಮುಚ್ಚಿದ.

“ಔಷಧಿ ಐತಲ್ಲ ಈಗ. ಬದುಕಿರಾರಿಗೆ ಹೇಳು. ಬ್ಯಾರೆಯವರ ಕೈಲಿ ಹೇಳಿಸಬ್ಯಾಡ, ನೀನೇ ಹೇಳು. ನಿನ್ ಮಾತಾದ್ರೆ ಕೇಳ್ತಾರೆ.”

ಕಾರಿಡಾರಿಗೆ ಬಂದು ಬೆಂಚಿನ ಮೇಲೆ ಕೂತು ಪಟ್ಟಿ ತೆಗೆದಳು. ಅಪಾಯ ಜಾಸ್ತಿ ಇರುವವರು ಮೊದಲು ಬರುವಂತೆ ತಬಸ್ಸುಮ್ ಜೋಡಿಸಿಕೊಟ್ಟಿದ್ದಳು. ಎಲ್ಲಕ್ಕಿಂತ ಮೇಲಿನ ಹೆಸರು ನೋಡಿ ಸರ್ವಮಂಗಳಾ ಪಟ್ಟಿಯನ್ನು ಮಡಚಿದಳು, ಮತ್ತೆ ಬಿಚ್ಚಿದಳು. ಮೂರನೆಯ ರಿಂಗಿಗೆ ಫೋನು ಎತ್ತಿದರು.

“ಓಹೋ, ಮೇಡಂ. ಸಾವ್ಕಾರ್ರು ಹೇಗಿದ್ದಾರೆ?” ಡ್ರಿಲ್ ಮೇಷ್ಟ್ರ ದನಿ ಮೈದಾನದಲ್ಲಿ ನಿಂತು ಕೂಗಿದ ಹಾಗೆ ಖಣಖಣ ಅನ್ನುತ್ತಿತ್ತು.

“ಉಳಿದರು ಮೇಷ್ಟ್ರೇ. ನಿಮಗೊಂದು ಮಾತು ಹೇಳಬೇಕಿತ್ತು. ನಿಮ್ಮ ಊಟದ ವಿಷಯ.”

“ಊಟದ ವಿಷಯವಾ? ನಮ್ಮದೇನೂ ಯೋಚನೆ ಮಾಡಬೇಡಿ. ಮೂವತ್ತು ವರ್ಷ, ನೀವು ಬರೆದುಕೊಟ್ಟದ್ದರಲ್ಲಿ ಒಂದು ದಿನ ತಪ್ಪಿಸಿಲ್ಲ. ನಮ್ಮ ಮನೆಯವಳಿಗೂ ಅದೇ ಅಭ್ಯಾಸ ಮಾಡಿಸಿದ್ದೆ, ಪಾಪ, ಅವಳು ಇರಬೇಕಿತ್ತು.” ಕುರ್ಚಿ ಸರಿದ ಸದ್ದು, ಏನೋ ಡ್ರಾಯರು ಎಳೆದ ಸದ್ದು ಕೇಳಿತು. “ಇರಿ ಮೇಡಂ, ಪೆನ್ನು ತಗೊಂಡೆ. ಈಗ ಹೇಳಿ, ಬರ್ಕೊಳ್ತೀನಿ.”